ಒಂದೇ ಡ್ರಿಪ್ಪಿಗೆ ಮಾವಿನಕಾಯಿ ಉದುರುವುದಿಲ್ಲ

"ಸಾರ್, ಒಂದೇ ಇಂಜೆಕ್ಷನ್ ಅಂತೆ. ಹತ್ತು ವರ್ಷದ ಡಿಪ್ರೆಷನ್ ಸಾಯಂಕಾಲದೊಳಗೆ ಹೋಗಿಬಿಡುತ್ತಂತೆ. ನೀವ್ಯಾಕೆ ಇನ್ನೂ ಮಾತ್ರೆ ಬರೀತಾ ಕೂತಿದ್ದೀರಾ?"

ಈಚೆಗೆ ಈ ಮಾತು ಕೇಳದೆ ನನ್ನ ಒಪಿಡಿ ಮುಗಿಯುವುದೇ ಅಪರೂಪ. ಕೇಳುವವರು ರೋಗಿಯಲ್ಲ, ಜೊತೆಗೆ ಬಂದ ಭಾವಮೈದುನ. ಕೈಯಲ್ಲಿ ಮೊಬೈಲು, ಅದರಲ್ಲೊಂದು ರೀಲ್ಸು. ಅಮೆರಿಕದ ಯಾವುದೋ ಕ್ಲಿನಿಕ್ಕು, ಒರಗು ಕುರ್ಚಿ, ಕಣ್ಣಿಗೆ ಪಟ್ಟಿ, ಹಿನ್ನೆಲೆಯಲ್ಲಿ ಕೊಳಲು. ಕೊನೆಗೆ ಕಣ್ಣೊರೆಸಿಕೊಂಡು ನಗುವ ಒಬ್ಬ ಹೆಂಗಸು. ಮದ್ದಿನ ಹೆಸರು ಕೆಟಮಿನ್.

ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಇದರಲ್ಲಿ ಅರ್ಧ ನಿಜ ಸೇರಿಕೊಂಡಿದೆ, ತಲೆನೋವು ಅದೇ. ಮಾಮೂಲಿ ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡು ಮೂರು ವಾರವಾದರೂ ಬೇಕು. ಕೆಟಮಿನ್ ಕೆಲವರಲ್ಲಿ ಗಂಟೆಗಳೊಳಗೇ ಫಲ ಕೊಡುತ್ತದೆ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಬೇರೆ ಔಷಧಿಗಳಿಗೆ ಬಗ್ಗದ 18 ರೋಗಿಗಳಿಗೆ ಕೊಟ್ಟು ನೋಡಿದಾಗ, ಮಾರನೆಯ ದಿನ ಶೇ. 71ರಷ್ಟು ಜನರಲ್ಲಿ ಲಕ್ಷಣಗಳು ಅರ್ಧಕ್ಕಿಂತ ಕೆಳಗಿಳಿದಿದ್ದವು. ಅದೇ ವರದಿಯ ಮುಂದಿನ ಮಾತು: ಒಂದು ವಾರ ಪೂರ್ತಿ ಆ ಗುಣ ಉಳಿದದ್ದು ಶೇ. 35ರಷ್ಟು ಜನರಲ್ಲಿ ಮಾತ್ರ. ರೀಲ್ಸು ಮಾಡುವವರು ಅಲ್ಲಿಯವರೆಗೆ ಓದುವುದಿಲ್ಲ. ಓದಿದರೂ ಮೂವತ್ತು ಸೆಕೆಂಡು ಮುಗಿದುಹೋಗಿರುತ್ತದೆ.

ಹಾಗಾಗಿಯೇ ಇದು ಒಂದು ಸಲದ ಕೆಲಸವಲ್ಲ. ಕೆಟಮಿನ್ನಿನ ಸೋದರ ಎಸ್‌ಕೆಟಮಿನ್ ಮೂಗಿನ ಸ್ಪ್ರೇ ರೂಪದಲ್ಲಿ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಪಡೆಯಿತು. ಅದರ ಕ್ರಮ ನೋಡಿ: ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಂದು, ಆಮೇಲೂ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ. ಪ್ರತಿ ಸಲವೂ ಸಿಬ್ಬಂದಿಯ ಕಣ್ಣೆದುರೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ಅಲ್ಲೇ ಕೂತಿರಬೇಕು. ಡ್ರಿಪ್ಪಿನಲ್ಲಿ ಕೊಡುವ ಹಳೆಯ ಕೆಟಮಿನ್ನಿಗಾದರೆ ಖಿನ್ನತೆಗೆಂದು ಎಫ್‌ಡಿಎ ಒಪ್ಪಿಗೆಯೇ ಇಲ್ಲ. ಅರಿವಳಿಕೆಗೆ ಒಪ್ಪಿಗೆ ಪಡೆದ ಮದ್ದನ್ನು ವೈದ್ಯರು ತಮ್ಮ ಜವಾಬ್ದಾರಿಯ ಮೇಲೆ ಬಳಸುತ್ತಾರೆ.

ಆ ಡ್ರಿಪ್ಪಿನ ಕೋಣೆಯಲ್ಲಿ ಕೊಳಲು ಇರಲೇಬೇಕೆಂದಿಲ್ಲ, ಬಿಪಿ ನೋಡುವ ಪಟ್ಟಿ ಇರಲೇಬೇಕು. ಅರವತ್ತು ಕೆ.ಜಿ. ತೂಗುವವರಿಗೆ ಸುಮಾರು 30 ಮಿಲಿಗ್ರಾಂ, ನಲವತ್ತು ನಿಮಿಷದಲ್ಲಿ ಹನಿಹನಿಯಾಗಿ. ಹತ್ತು ನಿಮಿಷ ಕಳೆಯುವುದರೊಳಗೆ ತುಟಿ ಜೋಮು ಹಿಡಿದಂತೆ, ಕೈ ತನ್ನದಲ್ಲವೆಂಬಂತೆ, ಡಾಕ್ಟರ ಮಾತು ಬಾವಿಯೊಳಗಿಂದ ಬಂದಂತೆ ಅನ್ನಿಸಬಹುದು. ಬಿಪಿ ಏರುತ್ತದೆ, ಕೆಲವರಿಗೆ ವಾಂತಿ. ಒಬ್ಬರಿಗೆ ಇದು ಹಿತ, ಇನ್ನೊಬ್ಬರಿಗೆ ಜೀವವೇ ಬಾಯಿಗೆ ಬಂದಂತಾಗುತ್ತದೆ. ಇಳಿದ ಮೇಲೂ ಆ ದಿನ ಸ್ಕೂಟರ್ ಮುಟ್ಟುವ ಹಾಗಿಲ್ಲ.

ನಂಬಿಕೆಯ ಪಾಲೂ ಸಣ್ಣದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಖಿನ್ನತೆಯಿದ್ದು ಬೇರೆ ಕಾರಣಕ್ಕೆ ಆಪರೇಷನ್ನಿಗೆ ಬಂದ 40 ಜನರಲ್ಲಿ ಅರ್ಧದಷ್ಟು ಮಂದಿಗೆ, ಅವರು ಪ್ರಜ್ಞೆ ತಪ್ಪಿದ್ದಾಗಲೇ ಕೆಟಮಿನ್ ಕೊಟ್ಟರು. ಉಳಿದವರಿಗೆ ಬರೀ ಉಪ್ಪುನೀರಿನ ಸಲೈನು. 2023ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ ಚೇತರಿಸಿಕೊಂಡಿದ್ದವು. ಇಷ್ಟಕ್ಕೇ ಕೆಟಮಿನ್ ಬೂಟಾಟಿಕೆ ಎನ್ನುವುದೂ ಅವಸರದ ಮಾತು. ಅದೇ ವರ್ಷ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಭ್ರಮೆಗಳಿಲ್ಲದ ಹಟಮಾರಿ ಖಿನ್ನತೆಯವರ ಪೈಕಿ ಕೆಟಮಿನ್ ಪಡೆದ ಶೇ. 55ರಷ್ಟು ಜನರಿಗೆ, ವಿದ್ಯುತ್ ಚಿಕಿತ್ಸೆ ಪಡೆದ ಶೇ. 41ರಷ್ಟು ಜನರಿಗೆ ಗುಣ ಕಂಡಿತು. ಒಳ್ಳೆಯ ಮದ್ದೇ. ಸಂಜೀವಿನಿಯಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕುದುರೆಯ ಮದ್ದಂತೆ: ಪೆನ್ಸಿಲಿನ್ನನ್ನೂ ಹಸುವಿಗೆ ಚುಚ್ಚುತ್ತಾರೆ, ಏನೀಗ? ಕಾನೂನುಬಾಹಿರ ಡ್ರಗ್ಸಂತೆ: ನಮ್ಮಲ್ಲಿ 2011ರಿಂದ ಎನ್‌ಡಿಪಿಎಸ್ ಕಾಯ್ದೆಯಡಿ, 2013ರಿಂದ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿ ಇದೆ. ಅಂದರೆ ಲೆಕ್ಕಪತ್ರ ಬಿಗಿ, ಚಿಕಿತ್ಸೆಗೆ ಬಳಸಲು ಅಡ್ಡಿಯಿಲ್ಲ. ಮನೆಗೇ ತರಿಸಿಕೊಂಡು ತೆಗೆದುಕೊಳ್ಳಬಹುದಂತೆ: ಬೇಡವೆಂದು 2023ರ ಅಕ್ಟೋಬರಿನಲ್ಲಿ ಎಫ್‌ಡಿಎ ಎಚ್ಚರಿಸಿತು. ಅದೇ ತಿಂಗಳ ಕೊನೆಗೆ ನಟ ಮ್ಯಾಥ್ಯೂ ಪೆರಿ ತೀರಿಕೊಂಡ. ಅವನನ್ನು ಕೊಂದದ್ದು ಕ್ಲಿನಿಕ್ಕಿನ ಡ್ರಿಪ್ಪಲ್ಲ, ಕಳ್ಳದಾರಿಯಲ್ಲಿ ಮನೆಗೆ ಬಂದ ಕೆಟಮಿನ್. ಆ ಪ್ರಕರಣದಲ್ಲಿ ಇಬ್ಬರು ವೈದ್ಯರು ತಪ್ಪೊಪ್ಪಿಕೊಂಡಿದ್ದಾರೆ.

ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಅರ್ಧ ಶತಮಾನದಿಂದ ನಮ್ಮ ಸಣ್ಣಪುಟ್ಟ ಆಸ್ಪತ್ರೆಗಳಲ್ಲೂ ಮಕ್ಕಳ ಮುರಿದ ಕೈ ಕೂರಿಸಲು, ಸುಟ್ಟಗಾಯದ ಡ್ರೆಸಿಂಗಿಗೆ ಇದೇ ಕೆಟಮಿನ್ ಬಳಕೆಯಲ್ಲಿದೆ. ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲವೆಂದು ದೊಡ್ಡ ಯಂತ್ರಗಳಿಲ್ಲದ ಕಡೆಯೂ ನಡೆಯುತ್ತದೆ. ಯಾರೂ ತಿರುಗಿ ನೋಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಅದೇ ಗಿಡ ಕ್ಯಾಲಿಫೋರ್ನಿಯಾದಿಂದ ರೀಲ್ಸಿನಲ್ಲಿ ಬಂದರೆ ಕೈಮುಗಿಯುತ್ತೇವೆ. ಇನ್ನೂ ತಮಾಷೆಯೆಂದರೆ, "ಮಾತ್ರೆ ಅಭ್ಯಾಸ ಆಗಿಬಿಡುತ್ತೆ" ಎಂದು ಹೆದರಿ ಚಟ ಹಿಡಿಸದ ಖಿನ್ನತೆಯ ಮಾತ್ರೆಯನ್ನು ಹದಿನೈದೇ ದಿನಕ್ಕೆ ಬಿಡಿಸಿದ ಮನೆಯವರೇ, ನಿಜವಾಗಿ ಚಟ ಹಿಡಿಸಬಲ್ಲ, ಅತಿಯಾದರೆ ಮೂತ್ರಕೋಶವನ್ನೇ ಕೆಡಿಸುವ ಕೆಟಮಿನ್ ಬೇಕೆಂದು ಹಟ ಹಿಡಿಯುತ್ತಾರೆ. ವಿದ್ಯುತ್ ಚಿಕಿತ್ಸೆ ಅಂದರೆ ಸಾಕು, ಹಳೆಯ ಸಿನಿಮಾದ ಖಳನಾಯಕ ಎದುರಿಗೆ ಬಂದವರಂತೆ ಎದ್ದು ನಿಲ್ಲುವವರೂ ಅವರೇ.

ಬೇಕೇಬೇಕೆಂದಿರುವವರು ಮೊದಲು ನೋಡಬೇಕಾದ್ದು, ಕನಿಷ್ಠ ಎರಡು ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಪ್ರಯೋಜನವಾಗಲಿಲ್ಲವೇ ಎಂಬುದನ್ನು. ಹೌದಾದರೆ, ಮನೋವೈದ್ಯರೂ ಅರಿವಳಿಕೆ ತಜ್ಞರೂ ಇಬ್ಬರೂ ಇರುವ ಆಸ್ಪತ್ರೆಗೆ ಹೋಗಿ ಕೇಳಿ. ನಿಮ್ಮ ಬಿಪಿ, ಹಿಂದಿನ ಭ್ರಮೆ, ಕುಡಿತದ ವಿಷಯ ವಿಚಾರಿಸದೆಯೇ ಆರು ಡ್ರಿಪ್ಪಿನ ಪ್ಯಾಕೇಜಿನ ದರ ಹೇಳುವ ಕಡೆಯಿಂದ ಎದ್ದು ಬನ್ನಿ. ಆರನೆಯದರ ಮುಂದೆ ಏನು ಎಂಬುದಕ್ಕೆ ಉತ್ತರವಿಲ್ಲದಿದ್ದರೂ ಅಷ್ಟೆ. ಇನ್ನು ಸಾಯುವ ಯೋಚನೆ ತಲೆಯಲ್ಲಿ ಸುಳಿಯುತ್ತಿದ್ದರೆ ಕ್ಲಿನಿಕ್ಕು ಹುಡುಕುತ್ತ ಕೂರಬೇಡಿ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.