ಸಾಹಸ: ಒಂದು ಶಬ್ದದ ಕಥೆ

ತುಂಬಿ ಹರಿಯುವ ಹೊಳೆಯಲ್ಲಿ ಮುಳುಗುತ್ತಿರುವ ಮಗುವನ್ನು ಈಜು ಬಲ್ಲವನೊಬ್ಬನು ದಡ ಸೇರಿಸಿದರೆ ಅದನ್ನು ಸಾಹಸವೆಂದು ಕೊಂಡಾಡುತ್ತೇವೆ. ಗೆಳೆಯರ ಮೆಚ್ಚುಗೆಗಾಗಿ ಈಜು ಬಾರದವನು ಅದೇ ಹೊಳೆಗೆ ಧುಮುಕಿದರೆ ಅದನ್ನು ದುಸ್ಸಾಹಸವೆನ್ನುತ್ತೇವೆ. ಒಂದೇ ಶಬ್ದವು ಹೊಗಳಿಕೆಗೂ ತೆಗಳಿಕೆಗೂ ಆಧಾರವಾದುದು ಹೇಗೆ?

‘ಸಾಹಸ’ವು ಸಂಸ್ಕೃತದಿಂದ ಕನ್ನಡಕ್ಕೆ ಬಂದ ತತ್ಸಮ ಶಬ್ದ. ಇದರ ಮೂಲ ‘ಸಹಸ್’, ಎಂದರೆ ಬಲ. ಬಲವನ್ನು ಪ್ರಯೋಗಿಸಿ ಮಾಡಿದ ಕಾರ್ಯವೇ ಸಾಹಸ. ಬಲವು ಒಳಿತಿಗೂ ಒದಗಬಹುದು, ಕೆಡುಕಿಗೂ ಒದಗಬಹುದು. ಪ್ರಾಚೀನ ಧರ್ಮಶಾಸ್ತ್ರಕಾರರು ಕೆಡುಕಿನ ಅರ್ಥವನ್ನೇ ಹಿಡಿದರು. ಒಡೆಯನ ಕಣ್ಣೆದುರಿನಲ್ಲಿ ಬಲಾತ್ಕಾರದಿಂದ ಅಪಹರಿಸುವುದು ಸಾಹಸ, ಮರೆಯಲ್ಲಿ ಅಪಹರಿಸುವುದು ಕಳವು ಎಂದು ಮನುಸ್ಮೃತಿಯು ಭೇದವನ್ನು ಕಲ್ಪಿಸುತ್ತದೆ. ದಂಡಗಳಿಗೂ ಇದೇ ಹೆಸರು: ಪ್ರಥಮ ಸಾಹಸವೆಂದರೆ 250 ಪಣ, ಮಧ್ಯಮ ಸಾಹಸವೆಂದರೆ 500 ಪಣ, ಉತ್ತಮ ಸಾಹಸವೆಂದರೆ 1000 ಪಣ. ಇಂದು ಬಹುಮಾನವನ್ನು ನೆನಪಿಗೆ ತರುವ ‘ಉತ್ತಮ ಸಾಹಸ’ವು ಅಂದು ಅತ್ಯಂತ ದೊಡ್ಡ ದಂಡವಾಗಿತ್ತು!

ಇದೇ ಮೂಲದ ‘ಸಹಸಾ’ ಎಂಬ ಅವ್ಯಯಕ್ಕೆ ‘ಬಲದಿಂದ’ ಎಂಬ ಅರ್ಥದೊಡನೆ ‘ಹಿಂದುಮುಂದು ನೋಡದೆ’ ಎಂಬ ಅರ್ಥವೂ ಬೆಳೆಯಿತು. 634ರ ಐಹೊಳೆಯ ಶಾಸನದಲ್ಲಿ ಸ್ಮರಿಸಲ್ಪಟ್ಟಿರುವ ಮಹಾಕವಿ ಭಾರವಿಯ ‘ಕಿರಾತಾರ್ಜುನೀಯ’ದಲ್ಲಿ, ಕೂಡಲೇ ಯುದ್ಧಕ್ಕೆ ಹೊರಡಬೇಕೆಂದು ಭೀಮನು ಆತುರಪಡುತ್ತಾನೆ. ಆಗ ಧರ್ಮರಾಯನು ಈ ಶಬ್ದವನ್ನೇ ಬಳಸಿ, ದುಡುಕಬಾರದೆಂದು ತಮ್ಮನಿಗೆ ತಿಳಿಯಹೇಳುತ್ತಾನೆ.

ಅದೇ ಭೀಮನ ಬಲವು ಕನ್ನಡದಲ್ಲಿ ಪ್ರಶಂಸೆಗೆ ಪಾತ್ರವಾಯಿತು. ಹತ್ತನೆಯ ಶತಮಾನದ ಕವಿ ರನ್ನನ ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ವೆಂಬ ಹೆಸರೂ ಉಂಟು. ‘ಸಾಹಸಭೀಮ’ ಎಂಬುದು ಚಾಲುಕ್ಯ ಸತ್ಯಾಶ್ರಯನ ಬಿರುದು. ಧರ್ಮಶಾಸ್ತ್ರದಲ್ಲಿ ಅಪರಾಧವಾಗಿದ್ದುದು ಇಲ್ಲಿ ವೀರನ ಭೂಷಣವಾಗಿದೆ. ಇಂದಿಗೂ ಕನ್ನಡದಲ್ಲಿ ಸಾಹಸವೆಂದರೆ ಮೆಚ್ಚುಗೆಯ ಮಾತೇ. ಆದುದರಿಂದ ನಿಂದಿಸಬೇಕಾದಾಗ ಅದಕ್ಕೆ ‘ದುಸ್’ ಎಂಬ ಉಪಸರ್ಗವನ್ನು ಸೇರಿಸುತ್ತೇವೆ. ಇಲ್ಲವೇ ‘ದುಡುಕು’ ಎಂಬ ಮಾತನ್ನು ಬಳಸುತ್ತೇವೆ.

ಹಾಗಾದರೆ ಸಾಹಸವನ್ನು ದುಸ್ಸಾಹಸದಿಂದ ಬೇರ್ಪಡಿಸುವುದು ಯಾವುದು? ಇದಕ್ಕೆ ಉತ್ತರವನ್ನು ಶಬ್ದದ ಮೂಲವೇ ಸೂಚಿಸುತ್ತದೆ. ‘ಸಹ್’ ಧಾತುವಿಗೆ ಎದುರಿಸಿ ಗೆಲ್ಲುವುದು ಎಂಬ ಅರ್ಥವೂ ತಾಳಿಕೊಳ್ಳುವುದು ಎಂಬ ಅರ್ಥವೂ ಇವೆ. ‘ಸಹನೆ’ ಎಂಬ ಶಬ್ದವು ಹುಟ್ಟಿದುದೂ ಈ ಧಾತುವಿನಿಂದಲೇ. ಸಾಹಸವೂ ಸಹನೆಯೂ ಒಂದೇ ಮನೆಯ ಮಕ್ಕಳು. ನೀರಿನ ಸೆಳವೆಷ್ಟು, ತನ್ನ ಶಕ್ತಿಯೆಷ್ಟು, ಹತ್ತಿರದಲ್ಲಿ ಹಗ್ಗವಿದೆಯೇ ಎಂದು ಕ್ಷಣಕಾಲ ನಿಂತು ಯೋಚಿಸುವುದು ಹೇಡಿತನವಲ್ಲ. ಸಾಹಸದ ಮೊದಲ ಹೆಜ್ಜೆಯೇ ಅದು.