ನೆಲೆ ತಪ್ಪಿದವರ ಪರವಾಗಿ ಬರೆಯುವವನು

ಮಂಡ್ಯ, ಮದ್ದೂರು, ಮಳವಳ್ಳಿಗಳ ತಾಲ್ಲೂಕು ಕಚೇರಿಯ ಕಡೆ ಹೋದವರಿಗೆಲ್ಲ ಅರ್ಜಿ ಬರೆಯುವವನ ಪರಿಚಯ ಇದ್ದೇ ಇರುತ್ತದೆ. ಹಳ್ಳಿಯಿಂದ ಬಂದವನು ತನ್ನ ಕಷ್ಟವನ್ನು ಹೇಳುತ್ತಾನೆ. ಬರೆಯುವವನು ಅದನ್ನು ಕಚೇರಿಗೆ ತಿಳಿಯುವ ಮಾತಿನಲ್ಲಿ ಕಾಗದಕ್ಕಿಳಿಸುತ್ತಾನೆ. ಒಬ್ಬನ ಅರ್ಜಿಗೆ ಇದು ಸಾಕು. ಆದರೆ ಪ್ರವಾಹದಿಂದಲೋ ಭೂಕುಸಿತದಿಂದಲೋ ನೂರಾರು ಸಂಸಾರಗಳು ಒಮ್ಮೆಗೇ ನೆಲೆ ತಪ್ಪಿದಾಗ, ಅವರ ಪರವಾಗಿ ಬರೆಯುವವರು ಯಾರು? ಈ ಕೆಲಸಕ್ಕಾಗಿ ಪರಿಹಾರ ಸಂಸ್ಥೆಗಳು ಕೆಲವು ವಾರಗಳ ಮಟ್ಟಿಗೆ ಒಬ್ಬ ಲೇಖಕನನ್ನು ನೇಮಿಸಿಕೊಳ್ಳುವುದುಂಟು. ಅವನು ಬರೆಯುವ ಕಾಗದಕ್ಕೆ 'ಪ್ರಪೋಸಲ್' ಎಂದು ಹೆಸರು; ಯೋಜನಾ ಮನವಿ ಎನ್ನೋಣ.

ಯುದ್ಧಕ್ಕೋ ಹಿಂಸೆಗೋ ಹೆದರಿ ದೇಶದ ಗಡಿ ದಾಟಿ ಬಂದವರು ನಿರಾಶ್ರಿತರು. ಸ್ವದೇಶದಲ್ಲಿಯೇ ಮನೆ ಬಿಟ್ಟು ಹೋಗಬೇಕಾದವರು ಆಂತರಿಕ ಸ್ಥಳಾಂತರಿತರು. ಈ ಎರಡನೆಯವರ ವಿಷಯದಲ್ಲಿ ಅನುಸರಿಸತಕ್ಕ ಮಾರ್ಗದರ್ಶಿ ತತ್ತ್ವಗಳು ವಿಶ್ವಸಂಸ್ಥೆಯ ಮುಂದೆ ಬಂದದ್ದು 1998ರಲ್ಲಿ. ನಮಗೆ ಸಮೀಪದ ಉದಾಹರಣೆ ಕೊಡಗು. ಕಾವೇರಿಯ ತವರಾದ ಆ ಜಿಲ್ಲೆಯಲ್ಲಿ 2018ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು, ಅನೇಕ ಸಂಸಾರಗಳು ಪರಿಹಾರ ಶಿಬಿರಗಳನ್ನು ಸೇರಿದವು. ಮುಂದೆ ಜಂಬೂರು, ಮದೆನಾಡು ಮೊದಲಾದ ಕಡೆಗಳಲ್ಲಿ ಹೊಸ ಮನೆಗಳೆದ್ದವು. ಶಿಬಿರಕ್ಕೂ ಹೊಸ ಮನೆಗೂ ನಡುವೆ ಇರುವುದು ಬಹುಮಟ್ಟಿಗೆ ಕಾಗದದ ದಾರಿಯೇ: ಪಟ್ಟಿ, ಅಂದಾಜು, ಮನವಿ, ಮಂಜೂರಾತಿ, ಲೆಕ್ಕ.

ಒಳ್ಳೆಯ ಮನವಿಯಲ್ಲಿ ಏನಿರಬೇಕು? ಎಷ್ಟು ಜನ, ಎಲ್ಲಿಂದ ಬಂದವರು, ಅವರಲ್ಲಿ ಮಕ್ಕಳು, ಗರ್ಭಿಣಿಯರು, ವೃದ್ಧರು ಎಷ್ಟು ಎಂಬುದು ಮೊದಲು. ಸರ್ಕಾರವೂ ಇತರರೂ ಈಗಾಗಲೇ ಕೊಟ್ಟಿರುವುದೇನು, ಉಳಿದಿರುವ ಕೊರತೆಯೇನು ಎಂಬುದು ಅನಂತರ. ಆಮೇಲೆ ಕೆಲಸ, ಕಾಲ, ವೆಚ್ಚ. ಕೊನೆಯಲ್ಲಿ, ಕೆಲಸ ನಡೆಯಿತೆಂದು ತೋರಿಸುವ ಬಗೆ, ಮತ್ತು ಅನ್ಯಾಯವಾದರೆ ಶಿಬಿರದವರು ದೂರು ಹೇಳಿಕೊಳ್ಳುವ ದಾರಿ. ಇಲ್ಲಿ ಅಲಂಕಾರಕ್ಕಿಂತ ಅಳತೆಗೆ ಬೆಲೆ ಹೆಚ್ಚು. 'ಸ್ಫಿಯರ್' ಎಂಬ ಅಂತರರಾಷ್ಟ್ರೀಯ ಕೈಪಿಡಿಯ ಪ್ರಕಾರ ಒಬ್ಬನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಂಗಲು 3.5 ಚದರ ಮೀಟರ್ ಜಾಗ, ಇಪ್ಪತ್ತು ಜನಕ್ಕೆ ಒಂದು ಶೌಚಾಲಯ ಬೇಕು. ಸಂಸಾರಕ್ಕೆ ಐವರಂತೆ ನೂರು ಸಂಸಾರಗಳೆಂದರೆ ದಿನಕ್ಕೆ 7,500 ಲೀಟರ್ ನೀರು, 25 ಶೌಚಾಲಯಗಳು. 'ನೀರಿಗೆ ಬಹಳ ಕಷ್ಟ' ಎಂಬ ಮಾತಿಗಿಂತ ಈ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ.

ಇಂಥ ಲೇಖಕನನ್ನು ಅಲ್ಪಕಾಲಕ್ಕೆ ಮಾತ್ರ ಏಕೆ ನೇಮಿಸುತ್ತಾರೆ? ಧನಸಹಾಯ ಕೊಡುವವರು ಮನವಿ ಸಲ್ಲಿಸಲು ಗಡುವು ವಿಧಿಸುತ್ತಾರೆ. ಆ ಹೊತ್ತಿನಲ್ಲಿ ಸಂಸ್ಥೆಯ ಖಾಯಂ ಕೆಲಸಗಾರರು ಅಕ್ಕಿ, ಹೊದಿಕೆ ಹಂಚುತ್ತಿರುತ್ತಾರೆ. ಕುಳಿತು ಬರೆಯಲು ಅವರಿಗೆ ಬಿಡುವಿಲ್ಲ. ವರ್ಷವಿಡೀ ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಳ್ಳಲು ಸಣ್ಣ ಸಂಸ್ಥೆಗೆ ಶಕ್ತಿಯೂ ಇರುವುದಿಲ್ಲ. ಹಣ ವಿದೇಶದಿಂದ ಬರುವುದಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ ಒಳಪಡಬೇಕು. ಅಂಥ ಹಣದಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇಕಡಾ 50ರಿಂದ 20ಕ್ಕೆ ಇಳಿಸಿತು. ಬರವಣಿಗೆಯ ಖರ್ಚನ್ನೂ ಅಳೆದು ಮಾಡಬೇಕಾದ ಕಾಲವಿದು.

ನೇಮಿಸುವವರು ಗಮನಿಸತಕ್ಕ ಸಂಗತಿಗಳು ಮೂರು. ಮೊದಲನೆಯದು, ಕೆಲಸವೇನು, ಎಷ್ಟು ದಿನದ್ದು, ಅಂಕಿ ಅಂಶಗಳನ್ನು ಒದಗಿಸುವವರು ಯಾರು ಎಂಬುದನ್ನು ಬರವಣಿಗೆಯಲ್ಲಿ ನಿಶ್ಚಯಿಸಬೇಕು. ಎರಡನೆಯದು, ಪ್ರತಿಫಲವನ್ನು ಕೆಲಸಕ್ಕೆ ತಕ್ಕಂತೆ ಗೊತ್ತುಮಾಡಬೇಕೇ ಹೊರತು ಮಂಜೂರಾದ ಹಣದಲ್ಲಿ ಇಂತಿಷ್ಟು ಪಾಲೆಂದಲ್ಲ. ಅಮೆರಿಕದ ನಿಧಿಸಂಗ್ರಾಹಕರ ಸಂಘದ ನೀತಿಸಂಹಿತೆಯೂ ಇಂಥ ಪಾಲನ್ನು ಒಪ್ಪುವುದಿಲ್ಲ. ಪಾಲಿನಾಸೆ ಇದ್ದಲ್ಲಿ ಹತ್ತು ಕುಸಿದ ಮನೆ ಕಾಗದದಲ್ಲಿ ಇಪ್ಪತ್ತಾಗುವುದು ಕಷ್ಟವೇನಲ್ಲ. ಮೂರನೆಯದು, ಲೇಖಕನು ಶಿಬಿರಕ್ಕೆ ಒಮ್ಮೆಯಾದರೂ ಹೋಗಿ ಅಲ್ಲಿಯವರ ಮಾತು ಕೇಳಿರಬೇಕು.

ಈ ಮೂರನೆಯ ಸಂಗತಿಯನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಬೀದಿಯ ಅರ್ಜಿಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ಎರಡು ವರ್ಷದ ಹಿಂದೆ ಮಳೆಗೆ ಗೋಡೆ ಬಿದ್ದು, ನೆರೆಮನೆಯ ಅಜ್ಜಿ ಶಾಲೆಯ ಜಗಲಿ ಸೇರಿದಳು. ಅವಳಿಗಾಗಿ ನಾನು ಎರಡು ಪುಟ ಬರೆದೆ. 'ನಿರ್ದಯಿ ಮಳೆ', 'ಕಣ್ಣೀರ ಕೋಡಿ' ಎಲ್ಲವೂ ಅದರಲ್ಲಿದ್ದವು. ಗೋಡೆ ಬಿದ್ದ ದಿನಾಂಕವಿರಲಿಲ್ಲ; ಮನೆಯ ಖಾತೆ ನಂಬರೂ ಇರಲಿಲ್ಲ. ಅರ್ಜಿ ಹಿಂದಕ್ಕೆ ಬಂತು. ಓದಿ ಹೇಳೆಂದಳು, ಹೇಳಿದೆ. ಎಲ್ಲ ಕೇಳಿ, "ಚೆಂದಾಗದೆ ಕಣ್ ಮಗ. ಆದ್ರೆ ನಮ್ಮನೆ ಎಲ್ಲದೆ ಅಂತ್ಲೇ ಬರೀನಿಲ್ವಲ್ಲೊ" ಎಂದಳು. ಎರಡನೆಯ ಸಲ ಅವಳ ಪಕ್ಕದಲ್ಲಿ ಕುಳಿತು, ಅವಳು ಹೇಳಿದಂತೆಯೇ ಬರೆದೆ. ಅದು ಒಂದೇ ಪುಟವಾಯಿತು, ಹಿಂದಕ್ಕೆ ಬರಲಿಲ್ಲ. ಆದರೆ ನನ್ನ ಎರಡು ಪುಟಗಳಿಗಾಗಿ ಅಜ್ಜಿ ಇನ್ನೂ ಮೂರು ವಾರ ಜಗಲಿಯಲ್ಲಿ ಮಲಗಿದ್ದಳು.

ನೆಲೆ ತಪ್ಪಿದವರ ಸಂಗತಿ ನಮ್ಮ ಜಿಲ್ಲೆಗೆ ದೂರದ್ದೆಂದು ಯಾರೂ ಭಾವಿಸಬಾರದು. 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆ ಎದ್ದಂತೆ ಹಳೆಯ ಕನ್ನಂಬಾಡಿ ನೀರಿನಡಿ ಸೇರಿತು. ಅಲ್ಲಿಯ ಜನ ಊರು ಬಿಟ್ಟು ಬೇರೆ ನೆಲೆ ಹುಡುಕಬೇಕಾಯಿತು. ಅದೇ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಬಂದು ಕಬ್ಬನ್ನೂ ಭತ್ತವನ್ನೂ ಬೆಳೆಸಿತು. ಆ ಬೆಳೆಯ ಹಣದಿಂದ ನಮ್ಮಲ್ಲಿ ಎಷ್ಟೋ ಜನ ಇಂದು ಈ ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದೇವೆ. ನಮ್ಮ ಓದಿಗೆ ಊರು ಬಿಟ್ಟವರ ಋಣವೂ ಇದೆ.

ಪದವಿ ಪಡೆದ ಮೇಲೆ ಸಹಪಾಠಿಗಳಲ್ಲಿ ಕೆಲವರಿಗಾದರೂ ಇಂಥ ಅಲ್ಪಕಾಲದ ಕೆಲಸ ದೊರೆಯಬಹುದು. ಕೆಲಸ ಮೂರು ವಾರದ್ದಿರಬಹುದು. ಅದರ ಫಲವಾಗಿ ಎದ್ದ ಮನೆಯಲ್ಲಿ ಒಂದು ಸಂಸಾರ ಮೂರು ತಲೆಮಾರು ಬಾಳಬಹುದು. ಲೇಖನಿ ಹಿಡಿಯುವ ಮುನ್ನ, ಮನೆ ಎಲ್ಲಿತ್ತೆಂದು ಅವರನ್ನೇ ಕೇಳೋಣ.

— ಅಂತಿಮ ಬಿ.ಎ. ವಿದ್ಯಾರ್ಥಿ