ವಾಲೆಟ್ ಸ್ಲೋ ಆದ್ರೆ ಮಂಡೆಬಿಸಿ ಯಾಕೆ?

ಕಳೆದ ಮಳೆಗಾಲದ ಒಂದು ರಾತ್ರಿ. ಹನ್ನೊಂದೂವರೆ ಆಗಿರಬಹುದು. ಮೂಡುಬಿದಿರೆಯ ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾನು ಮರುದಿನದ ಇಂಟರ್ನಲ್ಸ್‌ಗೆ ಓದುತ್ತಿದ್ದೆ. ಬೆಳ್ತಂಗಡಿ ಕಡೆಯ ನನ್ನ ರೂಮ್‌ಮೇಟ್ ಲ್ಯಾಪ್‌ಟಾಪ್ ಎದುರು ತಲೆಗೆ ಕೈಹೊತ್ತು ಕೂತಿದ್ದ.

"ಎಂತ ಆಯ್ತು ಮಾರಾಯ?"

"ದುಡ್ಡು ಹೋಯ್ತು ಕಾಣ್ತದೆ."

ವಿಷಯ ಇಷ್ಟು. ವಿದೇಶದಲ್ಲಿರುವ ಪರಿಚಯದವರೊಬ್ಬರಿಗೆ ಇವನು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವರು ಬಿಟ್‌ಕಾಯಿನ್‌ನಲ್ಲಿ ಕೊಡ್ತೇನೆ ಅಂದರು. ಇವನು ಯಾವುದೋ ವಿಡಿಯೋ ನೋಡಿ ಬಿಟ್‌ಕಾಯಿನ್ ಕೋರ್ ಎಂಬ ವಾಲೆಟ್ ಸಾಫ್ಟ್‌ವೇರ್ ಹಾಕಿಕೊಂಡು, ಅದರಿಂದ ಒಂದು ಅಡ್ರೆಸ್ ಕೊಟ್ಟಿದ್ದ. ಕಳಿಸಿದ್ದೇನೆ ಅಂತ ಅವರು ಹೇಳಿ ಮೂರು ದಿನ ಆಗಿತ್ತು. ಇವನ ಪರದೆಯಲ್ಲಿ ಬ್ಯಾಲೆನ್ಸ್ ಸೊನ್ನೆ. ಕೆಳಗೆ, ಸಾಫ್ಟ್‌ವೇರ್ ಇನ್ನೂ ಮೂರು ವರ್ಷ ಹಿಂದೆ ಉಂಟು ಎಂಬ ಸೂಚನೆ. ಲ್ಯಾಪ್‌ಟಾಪ್ ಫ್ಯಾನು ಮಾತ್ರ ಹೊರಗಿನ ಮಳೆಗೆ ಪೈಪೋಟಿ ಕೊಡುತ್ತಿತ್ತು.

ಮಂಡೆಬಿಸಿಯ ನಿಜವಾದ ಭಾಗ ಆಮೇಲೆ ಬಂತು. ಟೆಲಿಗ್ರಾಂನಲ್ಲಿ "ಸಪೋರ್ಟ್" ಅಂತ ಹೇಳಿಕೊಂಡ ಯಾರೋ ಒಬ್ಬ, "ನಿಮ್ಮ ವಾಲೆಟ್ ಫೈಲ್ ಮತ್ತು ಪಾಸ್‌ವರ್ಡ್ ಕಳಿಸಿ, ನಮ್ಮ ಸರ್ವರ್‌ನಲ್ಲಿ ಹತ್ತು ನಿಮಿಷದಲ್ಲಿ ಸಿಂಕ್ ಮಾಡಿ ಕೊಡ್ತೇವೆ" ಅಂದಿದ್ದ. ಇವನು ಫೈಲ್ ಅಟ್ಯಾಚ್ ಕೂಡ ಮಾಡಿ ಆಗಿತ್ತು. "ಕಳಿಸ್ಲಾ?" ಅಂತ ನನ್ನನ್ನು ಕೇಳಿದ.

ನಾನು ಮೆಕ್ಯಾನಿಕಲ್. ಕ್ರಿಪ್ಟೋ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. "ಗುರುತಿಲ್ಲದವನ ಕೈಗೆ ಪರ್ಸು ಕೊಟ್ಟು, ಇದರಲ್ಲಿ ಎಷ್ಟುಂಟು ಎಣಿಸಿ ಹೇಳು ಅಂತ ಯಾರಾದ್ರೂ ಹೇಳ್ತಾರಾ?" ಅಂತ ಮಾತ್ರ ಕೇಳಿದೆ. ಅವನು ಕಳಿಸಲಿಲ್ಲ. ಆ ಶನಿವಾರ ಬಂಟ್ವಾಳದಲ್ಲಿರುವ ನಮ್ಮ ಸೀನಿಯರ್ ಒಬ್ಬರ ಮನೆಗೆ ಇಬ್ಬರೂ ಹೋದೆವು. ಅಲ್ಲಿ ಕಲಿತದ್ದನ್ನು ನನ್ನಂಥ ಅರೆಬರೆ ತಿಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕ್ರಿಪ್ಟೋದಲ್ಲಿ ದುಡ್ಡು ಹಾಕಿ ಅಂತ ಹೇಳುವ ಲೇಖನ ಇದಲ್ಲ, ಆಯ್ತಾ?

ವಾಲೆಟ್ ಒಳಗೆ ದುಡ್ಡೇ ಇಲ್ಲ

ಸೀನಿಯರ್ ಮೊದಲು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಮೊಬೈಲಿನಲ್ಲಿ ಒಂದು ಬ್ಲಾಕ್ ಎಕ್ಸ್‌ಪ್ಲೋರರ್ ಪುಟ ತೆರೆದು, ದುಡ್ಡು ಬರಬೇಕಿದ್ದ ಅಡ್ರೆಸ್ಸನ್ನು ಅದರಲ್ಲಿ ಹಾಕಿದರು. ಎರಡು ನಿಮಿಷ. ದುಡ್ಡು ಬಂದು, ಖಾತ್ರಿಯಾಗಿ, ಮೂರು ದಿನವೇ ಆಗಿತ್ತು!

ಹೆಸರು ವಾಲೆಟ್ ಆದರೂ ಅದು ಪರ್ಸಿಗಿಂತ ಬೀಗದಕೈ ಗೊಂಚಲಿಗೆ ಹತ್ತಿರ. ಯಾವ ಅಡ್ರೆಸ್ಸಿನಲ್ಲಿ ಎಷ್ಟುಂಟು ಎಂಬ ಲೆಕ್ಕ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಪುಸ್ತಕದಲ್ಲಿರುತ್ತದೆ. ವಾಲೆಟ್ ಫೈಲಿನಲ್ಲಿ ಇರುವುದು ಆ ಲೆಕ್ಕದಿಂದ ಖರ್ಚು ಮಾಡಲು ಬೇಕಾದ ಕೀಲಿಗಳು. ಸಾಫ್ಟ್‌ವೇರ್ ಆ ಪುಸ್ತಕವನ್ನು ಇನ್ನೂ ಓದಿ ಮುಗಿಸದಿದ್ದರೆ ಬ್ಯಾಲೆನ್ಸ್ ಸೊನ್ನೆ ಅಂತ ತೋರಿಸುತ್ತದೆ. ದುಡ್ಡು ಇಲ್ಲ ಅಂತ ಅರ್ಥ ಅಲ್ಲ, ದುಡ್ಡು ಬಂದ ಪುಟಕ್ಕೆ ನಾನಿನ್ನೂ ಬಂದಿಲ್ಲ ಅಂತ ಅರ್ಥ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸ್ಲೋ ಆಗಿರುವುದು ಯಾವುದು? ನನ್ನ ಕಂಪ್ಯೂಟರಾ, ನೆಟ್‌ವರ್ಕಾ, ಅಥವಾ ಯಾವುದೋ ಕಂಪನಿಯ ಸರ್ವರಾ? ಮೂರಕ್ಕೂ ಮದ್ದು ಬೇರೆ ಬೇರೆ.

ಕಂಪ್ಯೂಟರ್ ಸ್ಲೋ ಆದಾಗ

ನಮ್ಮ ಮೂಡುಬಿದಿರೆಯ ಬಸದಿಯಲ್ಲಿ ಧವಲ, ಜಯಧವಲ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ನಿಮಗೆ ಗೊತ್ತುಂಟಲ್ಲ? ಬೇರೆಲ್ಲೂ ಸಿಗದ ಪ್ರತಿ. ಓದಬೇಕಾದವರು ಇಲ್ಲಿಗೇ ಬರಬೇಕಿತ್ತು. ಬಿಟ್‌ಕಾಯಿನ್ ಅದಕ್ಕೆ ಪೂರ್ತಿ ಉಲ್ಟಾ. ಬಿಟ್‌ಕಾಯಿನ್ ಕೋರ್‌ನಂಥ ಫುಲ್ ನೋಡ್ ಹಾಕಿದವರೆಲ್ಲ ಇಡೀ ಗ್ರಂಥವನ್ನು ತಮ್ಮ ಮನೆಗೆ ತರಿಸಿಕೊಳ್ಳುತ್ತಾರೆ. ತರಿಸಿಕೊಂಡು ಸುಮ್ಮನೆ ಇಡುವುದೂ ಇಲ್ಲ, 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇವತ್ತಿನವರೆಗಿನ ಲೆಕ್ಕವನ್ನೆಲ್ಲ ತಾವೇ ತಾಳೆ ನೋಡುತ್ತಾರೆ. ಯಾರನ್ನೂ ನಂಬಬೇಕಾಗಿಲ್ಲ, ಅದೇ ಅದರ ಲಾಭ. ಆದರೆ ಆ ಪುಸ್ತಕ ಈಗ 600 ಜಿಬಿ ದಾಟಿದೆ.

ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನಿನಲ್ಲಿ ಇದನ್ನು ಇಳಿಸಿಕೊಂಡರೆ 300 ದಿನ ಬೇಕು. ಸುಮಾರು ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಹೊಸ ಬ್ಲಾಕುಗಳು ಬೇರೆ ಸೇರುತ್ತಾ ಇರುತ್ತವೆ. ಹಾಟ್‌ಸ್ಪಾಟ್‌ನಲ್ಲಿ ಸಿಂಕ್ ಮಾಡ್ತೇನೆ ಅನ್ನುವವರಿಗೆ ಒಂದು ಇಡೀ ವರ್ಷ ಹೋಯ್ತು.

ನನ್ನ ರೂಮ್‌ಮೇಟ್ ಮೂರು ದಿನ ಹಾಸ್ಟೆಲ್ ವೈಫೈಗೆ ಬೈದಿದ್ದ. ಸೀನಿಯರ್ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಿದರು. ನೆಟ್‌ವರ್ಕ್ ಹೆಚ್ಚುಕಮ್ಮಿ ಖಾಲಿ, ಡಿಸ್ಕ್ ಮಾತ್ರ ನೂರಕ್ಕೆ ನೂರು. ಪ್ರತಿಯೊಂದು ವ್ಯವಹಾರವನ್ನು ತಾಳೆ ನೋಡುವಾಗ, ಆ ದುಡ್ಡು ಮೊದಲೇ ಖರ್ಚಾಗಿದೆಯೋ ಎಂದು ಸಾಫ್ಟ್‌ವೇರ್ ತನ್ನ ಡೇಟಾಬೇಸ್‌ನಲ್ಲಿ ಅಲ್ಲಿ ಇಲ್ಲಿ ಹುಡುಕುತ್ತದೆ. ತಿರುಗುವ ಹಳೇ ಹಾರ್ಡ್ ಡಿಸ್ಕ್‌ನ ಸೂಜಿ ಪ್ರತಿ ಸಲ ಅತ್ತಿತ್ತ ಓಡಬೇಕು. ಅಲ್ಲೇ ಹೊತ್ತು ಹೋಗುವುದು. ಇದಕ್ಕೆ ಮಾಡಬಹುದಾದದ್ದು ಇಷ್ಟು:

ಒಂದು, ಡೇಟಾ ಫೋಲ್ಡರನ್ನು ಎಸ್ಎಸ್‌ಡಿಗೆ ಹಾಕಿ. ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ಎಸ್ಎಸ್‌ಡಿ ಆದರೂ ಆದೀತು. ಬೇರೆ ಯಾವ ಉಪಾಯಕ್ಕಿಂತಲೂ ಇದರಿಂದ ಹೆಚ್ಚು ಗುಣ ಕಾಣುತ್ತದೆ. ಆದರೆ ಸರಿಸುವ ಮೊದಲು ಸಾಫ್ಟ್‌ವೇರ್ ಮುಚ್ಚಿ, ವಾಲೆಟ್ ಫೈಲಿನ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡಿ.

ಎರಡು, ಸೆಟ್ಟಿಂಗ್ಸ್‌ನಲ್ಲಿ ಡೇಟಾಬೇಸ್ ಕ್ಯಾಶ್ ಹೆಚ್ಚಿಸಿ. ಹಲವು ವರ್ಷ ಇದರ ಮೊದಲಿನ ಅಳತೆ 450 ಎಂಬಿ ಮಾತ್ರ ಇತ್ತು. 8 ಜಿಬಿ ರ‍್ಯಾಮ್ ಇದ್ದರೆ 2,000 ಎಂಬಿ ಆಸುಪಾಸು ಕೊಟ್ಟು ನೋಡಬಹುದು. ಆಗ ಹುಡುಕಾಟ ಹೆಚ್ಚಾಗಿ ಮೆಮೊರಿಯಲ್ಲೇ ನಡೆದು, ಡಿಸ್ಕಿನ ಓಡಾಟ ಕಡಿಮೆಯಾಗುತ್ತದೆ.

ಮೂರು, ಕರೆಂಟು. ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಸಿಂಕ್ ಮಾಡುವಾಗ ಕರೆಂಟು ಹೋದರೆ ಕ್ಯಾಶ್‌ನಲ್ಲಿದ್ದ ಕೆಲಸ ನೀರಿನಲ್ಲಿ ಹೋಮ. ಕ್ಯಾಶ್ ದೊಡ್ಡದಾದಷ್ಟು ನಷ್ಟವೂ ದೊಡ್ಡದು. ಡೇಟಾಬೇಸ್ ಹಾಳಾದರೆ ಸಾಫ್ಟ್‌ವೇರ್ ಮೊದಲಿಂದ ಪಟ್ಟಿ ಕಟ್ಟಲು ಕೂರುತ್ತದೆ. ಮುಚ್ಚುವಾಗಲೂ ಅವಸರ ಬೇಡ. "ಮುಚ್ಚುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ" ಎಂಬ ಕಿಟಕಿ ತಾನಾಗಿ ಹೋಗುವವರೆಗೆ ಕಾಯಿರಿ. ನನ್ನ ರೂಮ್‌ಮೇಟ್ ದಿನಾ ಕ್ಲಾಸಿಗೆ ಹೊರಡುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದನಂತೆ!

ನಾಲ್ಕು, ಡಿಸ್ಕ್‌ನಲ್ಲಿ ಜಾಗ ಇಲ್ಲದಿದ್ದರೆ ಪ್ರೂನಿಂಗ್ ಎಂಬ ಆಯ್ಕೆ ಉಂಟು. ತಾಳೆ ನೋಡಿ ಆದ ಹಳೇ ಬ್ಲಾಕುಗಳನ್ನು ಅದು ಅಳಿಸುತ್ತಾ ಹೋಗುತ್ತದೆ. ಆದರೆ ಅದರಿಂದ ಉಳಿಯುವುದು ಜಾಗ ಮಾತ್ರ, ಡೇಟಾ ಅಲ್ಲ. ಅಷ್ಟೂ ಜಿಬಿ ಹೇಗೂ ಇಳಿಯಲೇಬೇಕು. ತುಂಬಾ ಜನ ಎಡವುವುದು ಇಲ್ಲೇ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಲೈಟ್ ವಾಲೆಟ್ ಉಂಟು. 2011ರಲ್ಲಿ ಬಂದ ಇಲೆಕ್ಟ್ರಮ್ ಈ ಜಾತಿಯದ್ದು. ಪ್ರತಿ ಬ್ಲಾಕಿನ 80 ಬೈಟ್‌ಗಳ ಹೆಡರ್ ಮಾತ್ರ ಸಾಕು ಎಂಬ ಉಪಾಯ ಇದರದ್ದು. ಒಂಬತ್ತು ಲಕ್ಷ ಬ್ಲಾಕುಗಳ ಹೆಡರ್ ಎಲ್ಲ ಸೇರಿಸಿದರೂ 72 ಎಂಬಿ. ಬಾಕಿ ವಿವರವನ್ನು ಅದು ಬೇರೆಯವರ ಸರ್ವರ್‌ನಿಂದ ಕೇಳಿ ಪಡೆಯುತ್ತದೆ. ಅದು ಸ್ಲೋ ಆದರೆ ಹೆಚ್ಚಾಗಿ ಆ ಸರ್ವರ್ ಸ್ಲೋ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬೇರೆ ಸರ್ವರ್ ಆರಿಸಿದರೆ ಸರಿಯಾಗಬಹುದು. ಬದಲಿಗೆ ನಿಮ್ಮ ಅಡ್ರೆಸ್ಸುಗಳು ಯಾವುವು ಎಂಬುದು ಆ ಸರ್ವರ್ ನಡೆಸುವವನಿಗೆ ತಿಳಿಯುತ್ತದೆ. ಅದು ಈ ಸೌಕರ್ಯದ ಬೆಲೆ.

ನೆಟ್‌ವರ್ಕ್ ಸ್ಲೋ ಆದಾಗ

ಎರಡನೇ ಬಗೆಯದ್ದು ಬೇರೆ. ವಾಲೆಟ್ ಸರಿ ಇದೆ, ದುಡ್ಡು ಕಳಿಸಿಯೂ ಆಗಿದೆ, ಆದರೆ ಗಂಟೆಗಟ್ಟಲೆ "ಪೆಂಡಿಂಗ್".

ಸಂಜೆ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾದವರಿಗೆ ಇದು ಬೇಗ ಅರ್ಥ ಆಗ್ತದೆ. ಹತ್ತು ನಿಮಿಷಕ್ಕೊಂದು ಬಸ್ಸು, ಅದರಲ್ಲಿ ಇಂತಿಷ್ಟೇ ಜಾಗ. ಸ್ಟ್ಯಾಂಡಿನಲ್ಲಿ ಕಾಯುವ ಜನಸಮೂಹವೇ ಮೆಂಪೂಲ್. ಹತ್ತಿಸಿಕೊಳ್ಳುವವನು ಮೈನರ್. ವ್ಯತ್ಯಾಸ ಇಷ್ಟೇ, ಈ ಬಸ್ಸಿನಲ್ಲಿ ಮೊದಲು ಬಂದವರಿಗೆ ಸೀಟಿಲ್ಲ. ತಾನು ಹಿಡಿಯುವ ಜಾಗಕ್ಕೆ ಹೆಚ್ಚು ರೇಟು ಕೊಟ್ಟವನಿಗೆ ಸೀಟು. ಸಾವಿರ ರೂಪಾಯಿ ಕಳಿಸಿದರೂ ಕೋಟಿ ಕಳಿಸಿದರೂ ಮೈನರ್‌ಗೆ ಒಂದೇ. ಆದರೆ ಸಣ್ಣ ಸಣ್ಣ ಹತ್ತು ಮೊತ್ತಗಳನ್ನು ಒಟ್ಟುಮಾಡಿ ಕಳಿಸುವವನು ಮೂರು ಮೂಟೆ ಅಡಿಕೆಯ ಜೊತೆ ಬಸ್ಸು ಹತ್ತಿದ ಹಾಗೆ. ಹೆಚ್ಚು ಜಾಗ, ಹೆಚ್ಚು ಚಾರ್ಜು.

2024ರ ಏಪ್ರಿಲ್ 20ರಂದು, ಬಿಟ್‌ಕಾಯಿನ್ ಹಾಲ್ವಿಂಗ್ ಆದ ದಿನ, ಈ ಬಸ್‌ಸ್ಟ್ಯಾಂಡ್ ಎಷ್ಟು ತುಂಬಿತ್ತೆಂದರೆ ಒಂದು ವ್ಯವಹಾರದ ಸರಾಸರಿ ಶುಲ್ಕ ನೂರು ಡಾಲರ್ ದಾಟಿತ್ತು. ಅಂಥ ಹೊತ್ತಿನಲ್ಲಿ ಕಡಿಮೆ ರೇಟಿಗೆ ಕಳಿಸಿದವರು ಕಾಯಲೇಬೇಕು. ಆಗ ವಾಲೆಟ್ ಅನ್‌ಇನ್‌ಸ್ಟಾಲ್ ಮಾಡಿ ಪುನಃ ಹಾಕಿದರೆ ಏನೂ ಪ್ರಯೋಜನ ಇಲ್ಲ. ಕೀಲಿಯ ಬ್ಯಾಕಪ್ ಇಲ್ಲದಿದ್ದರೆ ಇದ್ದದ್ದೂ ಹೋಗಬಹುದು.

ಮಾಡಬಹುದಾದದ್ದು ಮೂರು. ಕಳಿಸಿದವರು ಅದೇ ವ್ಯವಹಾರವನ್ನು ಹೆಚ್ಚು ಶುಲ್ಕದೊಂದಿಗೆ ಮತ್ತೆ ಕಳಿಸಬಹುದು, ಹಲವು ವಾಲೆಟ್‌ಗಳಲ್ಲಿ ಶುಲ್ಕ ಹೆಚ್ಚಿಸುವ ಬಟನ್ ಇರುತ್ತದೆ. ಪಡೆಯುವವರು, ಬರಲಿರುವ ಆ ದುಡ್ಡನ್ನೇ ಹೆಚ್ಚು ಶುಲ್ಕ ಕೊಟ್ಟು ತಮ್ಮದೇ ಇನ್ನೊಂದು ಅಡ್ರೆಸ್ಸಿಗೆ ಕಳಿಸಬಹುದು. ಮಗನ ಟಿಕೆಟಿನ ಆಸೆಗೆ ಮೈನರ್ ಅಪ್ಪನನ್ನೂ ಹತ್ತಿಸಿಕೊಳ್ಳುತ್ತಾನೆ. ಮೂರನೆಯದು ಕಾಯುವುದು. ಹತ್ತಲಾಗದೆ ಉಳಿದ ವ್ಯವಹಾರವನ್ನು ಹೆಚ್ಚಿನ ನೋಡ್‌ಗಳು ಎರಡು ವಾರದ ಬಳಿಕ ಪಟ್ಟಿಯಿಂದ ಬಿಟ್ಟುಬಿಡುತ್ತವೆ, ದುಡ್ಡು ಕಳಿಸಿದವರ ಹತ್ತಿರವೇ ಉಳಿಯುತ್ತದೆ.

ಕಂಪನಿ ಸ್ಲೋ ಆದಾಗ

ನಮ್ಮಲ್ಲಿ ಹೆಚ್ಚಿನವರು ವಾಲೆಟ್ ಅಂತ ಹೇಳುವುದು ಎಕ್ಸ್‌ಚೇಂಜ್ ಆ್ಯಪ್‌ಗೆ. ಅಲ್ಲಿ ಕೀಲಿ ಕಂಪನಿಯ ಕೈಯಲ್ಲಿರುತ್ತದೆ, ನಿಮಗೆ ಕಾಣುವುದು ಅವರ ಲೆಕ್ಕದ ಒಂದು ಅಂಕೆ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾದಾಗ, ಗ್ರಾಹಕರು ದುಡ್ಡು ತೆಗೆಯುವ ದಾರಿಯೇ ಮುಚ್ಚಿತು. ಫೋನ್ ರೀಸ್ಟಾರ್ಟ್ ಮಾಡಿ ಸರಿಯಾಗುವ ವಿಷಯವಾ ಅದು? ಇಂಥ ಆ್ಯಪ್ ಸ್ಲೋ ಆದರೆ ಕಂಪನಿಯ ಅಧಿಕೃತ ಪ್ರಕಟಣೆ ನೋಡುವುದು, ಆ್ಯಪ್ ಒಳಗಿಂದಲೇ ದೂರು ಕೊಡುವುದು, ಅಷ್ಟೇ ನಮ್ಮ ಕೈಲಿರುವುದು.

ಅವಸರವೇ ದೊಡ್ಡ ವೈರಸ್

ಸೀನಿಯರ್ ಕೊನೆಗೆ ಹೇಳಿದ ಒಂದು ಘಟನೆ ನನಗೆ ಈಗಲೂ ನೆನಪಿದೆ. 2018ರ ಡಿಸೆಂಬರಿನಲ್ಲಿ ಇಲೆಕ್ಟ್ರಮ್ ಬಳಸುವ ಹಲವರಿಗೆ ದುಡ್ಡು ಕಳಿಸುವಾಗ ತಪ್ಪು ಸಂದೇಶ ಬಂತು: ಹೊಸ ಆವೃತ್ತಿ ಹಾಕಿಕೊಳ್ಳಿ, ಇಲ್ಲಿದೆ ಲಿಂಕ್. ಸಂದೇಶ ಬಂದದ್ದು ವಾಲೆಟ್ ಸಾಫ್ಟ್‌ವೇರಿನ ಒಳಗೇ. ಕಳಿಸಿದ್ದು ಮಾತ್ರ ಕಳ್ಳರು ನಡೆಸುತ್ತಿದ್ದ ಸರ್ವರ್‌ಗಳು. ನಂಬಿ ಆ ನಕಲಿ ಆವೃತ್ತಿ ಹಾಕಿದವರ ಬಿಟ್‌ಕಾಯಿನ್ ಖಾಲಿ. ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋಯಿತು.

ಅವರೆಲ್ಲ ದಡ್ಡರೇನಲ್ಲ. ಕೆಲಸ ಆಗ್ತಾ ಇರಲಿಲ್ಲ, ಯಾರೋ ದಾರಿ ತೋರಿಸಿದ ಹಾಗಿತ್ತು, ಹೋದರು. ನನ್ನ ರೂಮ್‌ಮೇಟ್ ಕೂಡ ಆ ರಾತ್ರಿ ಅಲ್ಲೇ ನಿಂತಿದ್ದ. ಸ್ಲೋ ಆದ ಸಾಫ್ಟ್‌ವೇರಿನಿಂದ ಅವನ ಒಂದು ಪೈಸೆಯೂ ಹೋಗಿರಲಿಲ್ಲ. ಅದನ್ನು ಫಾಸ್ಟ್ ಮಾಡಲು ಹೊರಟಿದ್ದರೆ ಎಲ್ಲವೂ ಹೋಗುತ್ತಿತ್ತು.

ಹಾಗಾಗಿ ಸಹಾಯ ಕೇಳುವಾಗ ಇದೊಂದು ನೆನಪಿರಲಿ. ವ್ಯವಹಾರದ ಐಡಿ, ಸಾಫ್ಟ್‌ವೇರಿನ ಆವೃತ್ತಿ, ತಪ್ಪು ಸಂದೇಶದ ಮಾತುಗಳು, ನಿಮ್ಮ ಡಿಸ್ಕ್ ಮತ್ತು ರ‍್ಯಾಮ್ ವಿವರ, ಇವನ್ನು ಹೇಳಬಹುದು. ನಿಜವಾಗಿ ಸಹಾಯ ಮಾಡುವವನಿಗೆ ಅಷ್ಟು ಸಾಕು. ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳ ಸೀಡ್, ಪ್ರೈವೇಟ್ ಕೀ, ವಾಲೆಟ್ ಫೈಲ್, ಪಾಸ್‌ವರ್ಡ್, ಇವನ್ನು ಕೇಳಿದವನು ಕಳ್ಳ. ಎಷ್ಟು ಮರ್ಯಾದೆಯಿಂದ ಮಾತಾಡಿದರೂ ಕಳ್ಳನೇ. ಲ್ಯಾಪ್‌ಟಾಪನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುವವನೂ ಅದೇ ಸಾಲಿನವನು. ಈಗಾಗಲೇ ಕೊಟ್ಟು ಆಗಿದ್ದರೆ, ಸುರಕ್ಷಿತ ಸಾಧನದಲ್ಲಿ ಹೊಸ ವಾಲೆಟ್ ಮಾಡಿ ಇದ್ದದ್ದನ್ನು ತಕ್ಷಣ ಅದಕ್ಕೆ ಸಾಗಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟು ಕೂತರೆ ಕಳ್ಳನಿಗೇ ಅನುಕೂಲ.

ನನ್ನ ರೂಮ್‌ಮೇಟ್ ಲ್ಯಾಪ್‌ಟಾಪನ್ನು ಬಂಟ್ವಾಳದಲ್ಲೇ ಬಿಟ್ಟು ಬಂದ. ಸೀನಿಯರ್ ತಮ್ಮ ಎಸ್ಎಸ್‌ಡಿ ಕೊಟ್ಟು, ಇನ್ವರ್ಟರ್ ಇರುವ ಕೋಣೆಯಲ್ಲಿ ಅದನ್ನು ಇಟ್ಟಿದ್ದರು. ಸೋಮವಾರ ಸಂಜೆ ಲ್ಯಾಬಿನಲ್ಲಿದ್ದಾಗ ಅವರಿಂದ ಒಂದು ಫೋಟೋ ಬಂತು. ಸೊನ್ನೆ ಇದ್ದ ಜಾಗದಲ್ಲಿ ಅವನ ದುಡ್ಡು ಕಾಣುತ್ತಿತ್ತು.

ಅವನು ಫೋಟೋ ನೋಡಿದ, ಟೆಲಿಗ್ರಾಂ ತೆರೆದ, ಆ "ಸಪೋರ್ಟ್" ನವನನ್ನು ಬ್ಲಾಕ್ ಮಾಡಿದ. ಆಮೇಲೆ ನಮಗೆಲ್ಲ ಕ್ಯಾಂಟೀನಿನಲ್ಲಿ ಗೋಳಿಬಜೆ ಕೊಡಿಸಿದ. ರೂಪಾಯಿಯಲ್ಲೇ.